ಚೆನ್ನಾಗಿತ್ತಾ? ಹಾಗಾದರೆ ಒಂದು ದೃಶ್ಯ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಥಿಯೇಟರಿನಿಂದ ಹೊರಗೆ ಬರುವವರ ಮಾತನ್ನು ಕೇಳಿಸಿಕೊಳ್ಳಿ. 'ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಲ್ಯಾಗ್.' ಇಲ್ಲವೇ, 'ಎಷ್ಟು ಕೋಟಿ ಮಾಡಿತಂತೆ?' ಎರಡೂವರೆ ಗಂಟೆ ಕೂತು ನೋಡಿದ ಚಿತ್ರಕ್ಕೆ ಇಷ್ಟು ಮಾತು ಸಾಕಾ? ನಾನು ಇವತ್ತು ಕೇಳಿಕೊಳ್ಳುವುದು ಒಂದೇ. ಸಿನಿಮಾ ಹಿಡಿಸಿದರೂ ಸರಿ, ಹಿಡಿಸದಿದ್ದರೂ ಸರಿ, ಒಂದು ದೃಶ್ಯ ಹೇಳಿ. ಅದನ್ನು ಹೇಗೆ ತೋರಿಸಿದರು ಅಂತ ಹೇಳಿ. ವಿಮರ್ಶೆ ಶುರುವಾಗುವುದೇ ಅಲ್ಲಿ.

1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದು ಎಲ್ಲರಿಗೂ ಗೊತ್ತು. ಯಾಕೆ ಓಡಿತು ಅಂದರೆ 'ರಾಜ್‌ಕುಮಾರ್ ಅಲ್ವಾ' ಅಂತಾರೆ. ನಿಜ, ಆದರೆ ಯಾವ ದೃಶ್ಯದ ರಾಜ್‌ಕುಮಾರ್? ಅಕ್ಕನ ಮಗ ಚುಚ್ಚಿ ಮಾತಾಡಿದಾಗ ರಾಜೀವ ಉಣ್ಣುತ್ತಿದ್ದ ಊಟ ಬಿಟ್ಟು ಎದ್ದು ಹೋಗುತ್ತಾನಲ್ಲ, ಆ ರಾಜ್‌ಕುಮಾರ್! ಬಂಜರು ನೆಲ ಹಸನು ಮಾಡಿದವನು ವಾದಕ್ಕೂ ನಿಲ್ಲುವುದಿಲ್ಲ. ನೋಡಿ, ದೃಶ್ಯ ಹೆಸರಿಸಿದ ಕೂಡಲೇ ಮಾತಿಗೆ ತೂಕ ಬಂತು.

ಒಮ್ಮೆ ಮಂಡ್ಯದ ಕಡೆ ಒಂದು ಶಿಬಿರದಲ್ಲಿ ರಾಮ್ ರೆಡ್ಡಿ ಅವರ 'ತಿಥಿ' ತೋರಿಸಿದ್ದೆವು. ಆ ಜಿಲ್ಲೆಯ ಹಳ್ಳಿಯ ಜನರೇ ನಟಿಸಿದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ದೀಪ ಹಾಕಿದ ತಕ್ಷಣ ಹಾಲಿನ ಡೇರಿ ನೋಡಿಕೊಳ್ಳುವ ಹಿರಿಯರೊಬ್ಬರು ಎದ್ದು ನಿಂತರು. 'ಇದ್ರಲ್ಲಿ ಏನೈತೆ ಸಾ? ನಮ್ಮೂರಲ್ಲಿ ದಿನಾ ನೋಡೋದೆಯ' ಅಂದರು. ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. 'ಯಜಮಾನರೇ, ಒಂದು ದೃಶ್ಯ ಹೇಳಿ' ಅಂದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ, 'ಆ ಗಡ್ಡಪ್ಪ ರಾತ್ರಿ ಬೆಂಕಿ ಮುಂದೆ ಕುಂತು ಕುರಿ ಕಾಯೋರಿಗೆ ತನ್ನ ಕತೆ ಹೇಳ್ತಾನಲ್ಲ, ಅದು' ಅಂದರು. ಯಾಕೆ ಅಂತ ಕೇಳಿದೆ. 'ಬೇರೆ ಪಿಚ್ಚರ್ ಆಗಿದ್ರೆ ಹಳೇದೆಲ್ಲಾ ತೋರಿಸೋರು. ಅವನ ಹೆಂಡ್ತಿ ಬರೋಳು, ಅಳೋಳು, ಪಿಟೀಲು ಬೇರೆ ಕುಯ್ಯೋರು. ಇಲ್ಲಿ ಏನೂ ತೋರಿಸ್ನಿಲ್ಲ. ಮುದುಕ ಹೇಳ್ದ, ನಾವು ಕೇಳ್ದೊ. ಅದ್ಕೇ ಹೊಟ್ಟೆ ಒಳಗೆ ಏನೋ ಆಯ್ತು' ಅಂದರು. ಈಗ ಹೇಳಿ, ಇದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಾ? ಫ್ಲ್ಯಾಶ್‌ಬ್ಯಾಕ್ ಹಾಕದೇ ಇರುವುದೂ ನಿರ್ದೇಶಕರ ಕೆಲಸವೇ. ಅದನ್ನು ಆ ಹಿರಿಯರು ಹಿಡಿದುಬಿಟ್ಟರು! ಚಿತ್ರದ ಉಳಿದ ಭಾಗ ನಿಧಾನ ಅಂತ ಅವರು ಕೊನೆಯವರೆಗೂ ಹೇಳಿದರು. ಹೇಳಲಿ. ಯಾವ ದೃಶ್ಯ ಎಳೆದಂತಿತ್ತು ಅಂತಲೂ ತೋರಿಸಿ ಹೇಳಿದರು. ನನಗೆ ಬೇಕಿದ್ದದ್ದೂ ಅದೇ.

ಮಾತು ಉದ್ದವಾಯಿತು. 2022ರ 'ಕಾಂತಾರ'ಕ್ಕೆ ಬರೋಣ. ಅಭಿಮಾನಿಗಳು ಒಂದು ಕೊರತೆ ಹೇಳಿದರೂ ಸಿಟ್ಟಾಗುತ್ತಾರೆ. ಯಾಕೆ ಸಿಟ್ಟು? ಕೊನೆಯಲ್ಲಿ ದೈವ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಮಾತಿಲ್ಲದೆ ಕೂಡಿಸುತ್ತದೆ. ಕಾಡಿನ ಜಗಳವೆಲ್ಲಾ ಆ ಕೈಗಳಲ್ಲಿದೆ. ಅದೇ ಚಿತ್ರದಲ್ಲಿ ಶಿವ ಲೀಲಾಳ ಸೊಂಟ ಚಿವುಟುವುದನ್ನು ತಮಾಷೆ ಅಂತ ತೋರಿಸಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ. ಮೊದಲನೆಯದನ್ನು ಮೆಚ್ಚುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ. ದೃಶ್ಯ ಹಿಡಿದು ಮಾತಾಡಿದರೆ ಎರಡನ್ನೂ ಹೇಳಬಹುದು.

ಹಾಡುಗಳ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಸಮಯ ಇಲ್ಲ. ಹಾಡು ಬಂತು ಅಂತ ದಯವಿಟ್ಟು ಎದ್ದು ಹೋಗಬೇಡಿ. ಪುಟ್ಟಣ್ಣ ಕಣಗಾಲರ 'ನಾಗರಹಾವು' ಮತ್ತೆ ಹಾಕಿ. 'ಹಾವಿನ ದ್ವೇಷ' ಹಾಡಿನಲ್ಲಿ ರಾಮಾಚಾರಿಯ ಸುತ್ತ ಚಿತ್ರದುರ್ಗದ ಬಂಡೆಗಳನ್ನು ಹೇಗೆ ಬಳಸಿಕೊಂಡಿದ್ದಾರೆ, ಬರೀ ಅದನ್ನು ನೋಡಿ. ನಮಸ್ಕಾರ.