ಸೆಕೆಂಡ್ ಹ್ಯಾಂಡ್ ಕಾರು, ಸ್ವಂತ ಕೈಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯದೊಂದು ಚುರುಕಾದ ಕಾರು ಕೊಳ್ಳಬೇಕು, ಮನೆಯ ಅಂಗಳದಲ್ಲೇ ಬಿಚ್ಚಿ ಜೋಡಿಸಬೇಕು, ನಮ್ಮ ಕೈಗೆ ಒಗ್ಗುವ ಹಾಗೆ ಹದ ಮಾಡಿಕೊಳ್ಳಬೇಕು ಅನ್ನುವ ಆಸೆ ಇರುವವರಿಗಾಗಿ ಇವತ್ತಿನ ಮಾತು. ಇಂಥವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಹಾರ್ಸ್‌ಪವರ್?’ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಗಾಡಿಯ ಲೋವರ್ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು), ಕ್ಲಚ್ ಪ್ಲೇಟು, ರೇಡಿಯೇಟರ್ ಇವು ಬೆಂಗಳೂರಿನ ಬಿಡಿಭಾಗದ ಮಾರುಕಟ್ಟೆಯಾದ ಜೆ.ಸಿ. ರಸ್ತೆಯಲ್ಲಿ ಇವತ್ತು ಸಂಜೆಯೊಳಗೆ ಸಿಗುತ್ತವೆಯೇ? ಸಿಕ್ಕರೆ ಭಾನುವಾರ ಬಿಚ್ಚಿದ ಗಾಡಿ ಸೋಮವಾರ ಓಡುತ್ತದೆ. ಸಿಗದಿದ್ದರೆ ಬಾನೆಟ್ ಎತ್ತಿಕೊಂಡೇ ಮಳೆಗಾಲ ಕಳೆಯುತ್ತದೆ. ಸ್ವಂತ ಕೈಯಿಂದ ಕೆಲಸ ಕಲಿಯುವವರಿಗೆ ಇದೊಂದೇ ವಿಷಯ ಉಳಿದೆಲ್ಲಕ್ಕಿಂತ ದೊಡ್ಡದು.

ಈ ಲೆಕ್ಕದಲ್ಲಿ ನೋಡಿದರೆ, ಮೊದಲ ಬಾರಿ ಕೈಹಾಕುವವರಿಗೆ ನನ್ನ ಆಯ್ಕೆ ಪೆಟ್ರೋಲ್ ಸ್ವಿಫ್ಟ್. 2011ರಲ್ಲಿ ಬಂದ ಮಾದರಿಗೆ 1197 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸುಮಾರು 85 ಹಾರ್ಸ್‌ಪವರ್. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ಗಾಡಿಯ ತೂಕ ಒಂದು ಟನ್ನಿಗಿಂತ ಕಡಿಮೆ. 2018ರಲ್ಲಿ ಬಂದ ಮಾದರಿ ಇನ್ನೂ ಹಗುರ, ಸುಮಾರು 860 ಕಿಲೋ. ಟೈಮಿಂಗ್‌ಗೆ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಕೆಲಸಕ್ಕೆ) ಬೆಲ್ಟ್ ಬದಲು ಚೈನ್ ಇದೆ, ಬಾನೆಟ್ ಒಳಗೆ ಕೈ ಆಡುವಷ್ಟು ಜಾಗ ಇದೆ, ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ.

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಬೇಕೇ ಬೇಕು ಅನ್ನುವವರು ಬಲೆನೊ ಆರ್‌ಎಸ್ ನೋಡಬಹುದು. 2017ರಿಂದ 2020ರ ಹೊತ್ತಿನವರೆಗೆ ಮಾತ್ರ ಮಾರಾಟದಲ್ಲಿದ್ದ ಗಾಡಿ. 998 ಸಿಸಿ, ಮೂರು ಸಿಲಿಂಡರ್, 102 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬಾಗಿಲು, ಗಾಜು, ಲೈಟುಗಳಲ್ಲಿ ಹೆಚ್ಚಿನವು ಸಾಮಾನ್ಯ ಬಲೆನೊದವೇ ಆಗುತ್ತವೆ, ಅದು ಅನುಕೂಲ. ಆದರೆ ಎಂಜಿನ್ನಿಗೆ ಸಂಬಂಧಪಟ್ಟ ಸಾಮಾನಿಗೆ ಆರ್ಡರ್ ಕೊಟ್ಟು ಕಾಯಬೇಕು. ಇದರಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಇನ್‌ಟೇಕ್ (ಗಾಳಿ ಒಳಬಿಡುವ) ವಾಲ್ವಿನ ಬೆನ್ನನ್ನು ತೊಳೆಯಲು ಪೆಟ್ರೋಲು ಆ ದಾರಿಯಲ್ಲಿ ಬರುವುದೇ ಇಲ್ಲ, ಹಾಗಾಗಿ ಅಲ್ಲಿ ಕಾರ್ಬನ್ ಕಟ್ಟುತ್ತದೆ. ಹೆಚ್ಚು ಓಡಿದ ಗಾಡಿಯಾದರೆ ಆ ಶುಚಿಗೊಳಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪೋಲೊ ಜಿಟಿ ಟಿಎಸ್‌ಐ, 2013ರಲ್ಲಿ ಬಂದದ್ದು, 105 ಹಾರ್ಸ್‌ಪವರ್, 175 ನ್ಯೂಟನ್ ಮೀಟರ್ ಟಾರ್ಕ್. ಓಡಿಸಲು ನಿಜಕ್ಕೂ ಸೊಗಸು. ಆದರೆ ಅದರ ಏಳು ಗೇರಿನ ಆಟೊಮ್ಯಾಟಿಕ್ ಡಿಎಸ್‌ಜಿ ಪೆಟ್ಟಿಗೆಯಲ್ಲಿ ಎರಡು ಒಣ ಕ್ಲಚ್‌ಗಳಿವೆ, ಅವನ್ನು ಆಡಿಸುವ ಮೆಕಟ್ರಾನಿಕ್ ಘಟಕವೂ ಇದೆ. ಅದು ಕೆಟ್ಟರೆ ರಿಪೇರಿಗೆ ಲಕ್ಷದ ಮಾತು, ಅಂಗಳದಲ್ಲಿ ಮಾಡುವ ಕೆಲಸವೂ ಅಲ್ಲ. ಫೋರ್ಡ್ ಫಿಯೆಸ್ಟಾ 1.6 ಪೆಟ್ರೋಲ್, ಸುಮಾರು 100 ಹಾರ್ಸ್‌ಪವರ್, ತಿರುವುಗಳಲ್ಲಿ ಅದರ ಸ್ಟಿಯರಿಂಗ್ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಬಿಲ್ಲು ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ. 2000ನೇ ಇಸವಿಯ ಹೋಂಡಾ ಸಿಟಿ ವಿಟೆಕ್ ಮೇಲೆ ಬೆಂಗಳೂರಿನವರಿಗೆ ಇರುವ ಪ್ರೀತಿ ಅರ್ಥವಾಗುವಂಥದ್ದೇ. ಆದರೆ ಅದು ಎರಡನೆಯ ಗಾಡಿಯಾಗಿ ಇರಲಿ. 15 ವರ್ಷ ದಾಟಿದ ಖಾಸಗಿ ಕಾರಿಗೆ ನೋಂದಣಿ ನವೀಕರಣ ಮಾಡಿಸಬೇಕು, ಮುಂದೆ ಪ್ರತಿ 5 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು.

ಕೈಯಲ್ಲಿ 4 ಲಕ್ಷ ಇದ್ದರೆ 4 ಲಕ್ಷದ ಗಾಡಿ ಕೊಳ್ಳಬೇಡಿ. ಮೂರಕ್ಕೆ ಕೊಂಡು, ಒಂದನ್ನು ಎತ್ತಿಡಿ. ಆ ಒಂದು ಲಕ್ಷ ಖರ್ಚಾಗುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಈಗ ಗಾಡಿ ನೋಡಲು ಹೋಗುವ ವಿಚಾರ. ಬೆಳಿಗ್ಗೆ ಹೋಗಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಮೊದಲೇ ತಿಳಿಸಿ. ಬಾನೆಟ್ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಆದ ಕೂಡಲೇ ಒಂದು ಕ್ಷಣ ಕಟಕಟ ಅಂದು ಸುಮ್ಮನಾದರೆ ಪರವಾಗಿಲ್ಲ. ಎರಡು ಮೂರು ಸೆಕೆಂಡು ದಾಟಿಯೂ ಚೈನಿನ ಕಡೆಯಿಂದ ಸದ್ದು ಬರುತ್ತಿದ್ದರೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದೆ, ಇಲ್ಲವೇ ಚೈನ್ ಸವೆದು ಉದ್ದವಾಗಿದೆ. ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಗಾಡಿಗಳ ಗತಿ ಇದು. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂತೆ ಅಂಟಿದ್ದು ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಮೇಲೆ ಅನುಮಾನ ಪಡಿ.

ಆಮೇಲೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಅಂತ ಅಳೆಯುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪೆನ್ನು ಹಿಡಿದು ಕೂತಿರುವವರು ಬರೆದುಕೊಳ್ಳಿ. ಸಾವಿರ, ಎರಡು ಸಾವಿರ ರೂಪಾಯಿಗೆ ಗೇಜ್ ಸಿಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ. ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆಯಿರಿ. ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ಹೊರಗೆ ತೆಗೆಯಿರಿ. ಮೊದಲ ಸಿಲಿಂಡರಿಗೆ ಗೇಜ್ ತಿರುಗಿಸಿ ಹಾಕಿ. ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಆರೇಳು ಸಲ ಜಿಗಿಯುವವರೆಗೆ ಸೆಲ್ಫ್ ಹೊಡೆಯಲಿ. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಒಳಗೆ ಬರುವುದಿಲ್ಲ, ಒಳ್ಳೆಯ ಎಂಜಿನ್ ಕೂಡ ಕೆಟ್ಟದ್ದರಂತೆ ಕಾಣುತ್ತದೆ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 170ರಿಂದ 200 ಪಿಎಸ್‌ಐ ಬರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ. ಅದು ನೂರಕ್ಕೆ ಹತ್ತರೊಳಗೆ ಇರಬೇಕು.

ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿತು ಅನ್ನಿ. ಪ್ಲಗ್ಗಿನ ತೂತಿನಿಂದ ಒಂದು ಚಹಾ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏಕೆಂದರೆ ಆಯಿಲ್ ರಿಂಗಿನ ಸಂದು ಮುಚ್ಚಿತು. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಾದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಈ ಪರೀಕ್ಷೆಗೆ ಒಪ್ಪದ ಮಾಲೀಕರಿಂದ ಗಾಡಿ ಕೊಳ್ಳದಿರುವುದೇ ಲೇಸು.

ಬಾಡಿ ನೋಡುವಾಗ ಬಣ್ಣದ ಹೊಳಪಿಗೆ ಮರುಳಾಗಬೇಡಿ. ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟರೆ ಕಾರ್ಖಾನೆಯ ಬಣ್ಣ ಸುಮಾರು 90ರಿಂದ 150 ಮೈಕ್ರಾನ್ ತೋರಿಸುತ್ತದೆ. 300 ದಾಟಿದರೆ ಅಡಿಯಲ್ಲಿ ಪುಟ್ಟಿ (ತಗ್ಗು ತುಂಬುವ ಲೇಪ) ಬಳಿದಿದ್ದಾರೆ. ಬಾಗಿಲಿಗೆ, ಬಂಪರಿಗೆ ಬಳಿದಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಆದರೆ ಎಂಜಿನ್ನಿನ ಎರಡೂ ಬದಿಯ ಏಪ್ರನ್ ತಗಡು, ಮುಂದಿನ ಚಾಸಿ ಕಾಲು, ಕಂಬಗಳು, ಇಲ್ಲೆಲ್ಲಾದರೂ ಸ್ಪಾಟ್ ವೆಲ್ಡಿನ ಗುಂಡು ಗುರುತು ಮಾಯವಾಗಿ ಕೈವೆಲ್ಡಿಂಗಿನ ಗೆರೆ ಕಂಡರೆ ಆ ಗಾಡಿ ಬೇಡವೇ ಬೇಡ. ಅಂಥ ಗಾಡಿಗೆ ಎಷ್ಟು ಒಳ್ಳೆಯ ಸಸ್ಪೆನ್ಷನ್ ಹಾಕಿದರೂ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನೀರಿನಲ್ಲಿ ನಿಂತ ಕಾರುಗಳು ನೆನಪಿರಬಹುದು. ಅಂಥ ಗಾಡಿಯನ್ನು ಎಷ್ಟೇ ತೊಳೆದರೂ ಕೆಲವು ಕಡೆ ಗುರುತು ಉಳಿಯುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಇರುತ್ತದೆ. ಸ್ಟೆಪ್ನಿ ಕೂರುವ ಗುಂಡಿ, ಸೀಟಿನ ಕಂಬಿಯ ಬೋಲ್ಟು ನೋಡಿ. ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿನ (ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ ಜಾಗ) ಪಿನ್ನುಗಳು ಹಸಿರುಗಟ್ಟಿದ್ದರೆ ನೀರು ಅಷ್ಟು ಎತ್ತರಕ್ಕೆ ಬಂದಿತ್ತು ಅಂತ ಅರ್ಥ. ಅದೇ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಕೂಡ ಓದಿ. ಸೊನ್ನೆಯ ಆಚೀಚೆ ಶೇಕಡಾ 5ರೊಳಗೆ ಇದ್ದರೆ ಒಳ್ಳೆಯದು. ಐಡ್ಲಿಂಗಿನಲ್ಲಿ ಪ್ಲಸ್ 10 ದಾಟಿ, ರೇಸ್ ಕೊಟ್ಟಾಗ ಇಳಿದರೆ ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ.

ಓಡಿಸುವಾಗ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿದಾಗ ಕಟ್ ಕಟ್ ಅಂದರೆ ಚಕ್ರಕ್ಕೆ ಶಕ್ತಿ ಸಾಗಿಸುವ ಸಿವಿ ಜಾಯಿಂಟ್ ಹೋಗಿದೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ಇದ್ದದ್ದಾದರೆ ಬ್ಯಾಂಕಿನ ಫಾರಂ 35. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. ಕಡಿಮೆ ಬೆಲೆ ಅಂತ ಹೊರಗಿನಿಂದ ತಂದ ಗಾಡಿಗೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿದ ಮೇಲೆ ಅಗ್ಗ ಅನ್ನುವುದೇನೂ ಉಳಿಯುವುದಿಲ್ಲ.

ಬದಲಾವಣೆಗೆ ಕಾನೂನಿನ ಗಡಿ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂಥ ಮಾರ್ಪಾಡು ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ತಪ್ಪಿದರೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲೂ ಆಗಬಹುದು. ಬೇರೆ ಎಂಜಿನ್ ಕೂರಿಸುವುದು, ಸೈಲೆನ್ಸರ್ ತೂತು ಮಾಡಿ ಊರೆಲ್ಲ ಎಬ್ಬಿಸುವುದು ಇವನ್ನು ಬಿಟ್ಟುಬಿಡಿ. ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ಬರೆದು ತಿಳಿಸಿ, ಇಲ್ಲದಿದ್ದರೆ ಅಪಘಾತವಾದ ದಿನ ಕ್ಲೇಮಿಗೆ ಅದೇ ಅಡ್ಡ ಬರುತ್ತದೆ.

ಗಾಡಿ ಮನೆಗೆ ಬಂತು. ಎತ್ತಿಟ್ಟ ಒಂದು ಲಕ್ಷದಲ್ಲಿ ಮೊದಲ ಖರ್ಚು ಕಣ್ಣಿಗೆ ಕಾಣದ ಕೆಲಸಕ್ಕೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಸ್ವಿಫ್ಟಿಗಾದರೆ ಸುಮಾರು 3 ಲೀಟರ್. ಕೂಲೆಂಟ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್. ಗೇರ್ ಆಯಿಲ್ ಮ್ಯಾನ್ಯುವಲ್ ಹೇಳಿದ ದರ್ಜೆಯದ್ದೇ ಇರಲಿ. ಜಿಎಲ್-4 ಅಂದಲ್ಲಿ ಜಿಎಲ್-5 ಸುರಿದರೆ ಅದರ ಗಂಧಕದ ಸೇರ್ಪಡೆಗಳು ಗೇರ್ ಸರಾಗವಾಗಿ ಬೀಳಿಸುವ ಸಿಂಕ್ರೊ ರಿಂಗಿನ ಹಿತ್ತಾಳೆಯನ್ನು ತಿನ್ನಬಹುದು. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು ಈಗ ಎಲ್ಲ ಬಂಕಿನಲ್ಲೂ ಇರುವುದರಿಂದ, ಹಳೆಯ ಗಾಡಿಯ ರಬ್ಬರ್ ಪೈಪು, ಓ-ರಿಂಗುಗಳಲ್ಲಿ ಬಿರುಕು ಇದೆಯೇ ನೋಡಿ. ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್, ಸ್ಟ್ರಟ್ ಮೌಂಟ್ ಇವು ಹೊಸದಾದರೆ ಸಾಕು, ಎಷ್ಟೋ ಗಾಡಿ ಅಲ್ಲಿಗೇ ಬೇರೆ ಗಾಡಿಯಾಗಿಬಿಡುತ್ತದೆ.

ಎರಡನೆಯದು ಟೈರು. ರಸ್ತೆಯನ್ನು ಮುಟ್ಟುವುದು ಅದೊಂದೇ. ಸ್ವಿಫ್ಟಿನ 185/65 ಆರ್15 ಟೈರಿನ ಎತ್ತರ 621 ಮಿಲಿಮೀಟರ್. ಅದರ ಜಾಗಕ್ಕೆ 195/60 ಆರ್15 ಹಾಕಿದರೆ 615, ವ್ಯತ್ಯಾಸ ಶೇಕಡಾ 1. ಸ್ಪೀಡೋಮೀಟರ್ ಕೆಡುವುದಿಲ್ಲ, ಫೆಂಡರ್ ತಾಗುವುದಿಲ್ಲ, ಹಿಡಿತ ಹೆಚ್ಚುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ ಕೊಳ್ಳಿ. 2324 ಅಂದರೆ 2024ರ 23ನೇ ವಾರದ್ದು. 17 ಇಂಚಿನ ಅಗ್ಗದ ನಕಲಿ ಅಲಾಯ್ ಬೇಡ. ತೂಕ ಹೆಚ್ಚಿ ಪಿಕಪ್ ಬೀಳುತ್ತದೆ, ಗುಂಡಿಗೆ ಇಳಿದಾಗ ಸೀಳುತ್ತದೆ.

ಆಮೇಲೆ ಬ್ರೇಕು. ಒಳ್ಳೆಯ ಪ್ಯಾಡು, ಹೊಸ ಡಾಟ್ 4 ದ್ರವ. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಆ ನೀರು ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ.

ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗ್ ಕತ್ತರಿಸುವ ಕೆಲಸ ಯಾರು ಹೇಳಿದರೂ ಮಾಡಬೇಡಿ. ಚಕ್ರ ಕೆಳಕ್ಕೆ ಇಳಿದಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಜಾರುತ್ತದೆ, ಏರಿದಾಗ ಶಾಕ್ ಅಬ್ಸಾರ್ಬರ್ ಬಡಿದು ಸಾಯುತ್ತದೆ. 170 ಮಿಲಿಮೀಟರ್ ನೆಲದಂತರ ಇರುವ ಗಾಡಿಯನ್ನು 30 ಇಳಿಸಿದರೆ ಉಳಿಯುವುದು 140. ನಮ್ಮ ಊರುಗಳ ರಸ್ತೆ ಹಂಪುಗಳಿಗೆ ಅದು ಕಡಿಮೆಯೇ. ಮೂಲ ಎತ್ತರದಲ್ಲೇ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ, ಒಳ್ಳೆಯ ಅಲೈನ್‌ಮೆಂಟ್ ಮಾಡಿಸಿದರೆ ಸಾಕು.

ಎಂಜಿನ್ ಶಕ್ತಿಯ ಮಾತು ಕೊನೆಗೆ. ಟರ್ಬೊ ಇಲ್ಲದ ಎಂಜಿನ್ನಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಮಾಡಿಸಿದರೆ ಸಿಗುವುದು ಬೆರಳೆಣಿಕೆಯ ಹಾರ್ಸ್‌ಪವರ್, ಏಕೆಂದರೆ ಒಳಗೆ ಬರುವ ಗಾಳಿ ಅಷ್ಟೇ. ಆ ಹಣಕ್ಕೆ ಟೈರು ಬರುತ್ತದೆ. ಟರ್ಬೊ ಗಾಡಿಯಲ್ಲಿ ಗಾಳಿಯ ಒತ್ತಡ ಹೆಚ್ಚಿಸಬಹುದಾದ್ದರಿಂದ ಲಾಭ ನಿಜ. ಆದರೆ ಕಂಪ್ರೆಷನ್ ಸರಿಯಿದ್ದು, ಕ್ಲಚ್ ಹೊಸದಿದ್ದು, 95 ಆಕ್ಟೇನಿನ ಪೆಟ್ರೋಲು ಖಾಯಂ ಸಿಗುವ ಊರಾದರೆ ಮಾತ್ರ. ಆಕ್ಟೇನ್ ಸಾಲದಿದ್ದರೆ ನಾಕಿಂಗ್, ಅಂದರೆ ಪೆಟ್ರೋಲು ಅಂಕೆ ತಪ್ಪಿ ತಾನಾಗಿ ಸಿಡಿಯುವುದು, ಶುರುವಾಗುತ್ತದೆ, ಪಿಸ್ಟನ್ನಿನ ಅಂಚು ಒಡೆಯುತ್ತದೆ.

ಗಾಡಿಯ ಅಡಿಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ. ಸಮತಟ್ಟಾದ ಕಾಂಕ್ರೀಟ್ ನೆಲ, ಎರಡು ಜೊತೆ ಜ್ಯಾಕ್ ಸ್ಟ್ಯಾಂಡ್, ನೆಲದಲ್ಲಿರುವ ಚಕ್ರಕ್ಕೆ ಅಡ್ಡಗಟ್ಟೆ. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ಟು ಕೆಲಸ ಮಾಡಿ ಜೀವ ಕಳೆದುಕೊಂಡವರಿದ್ದಾರೆ. ಪಾನಾ ಸೆಟ್ಟಿಗಿಂತ ಮೊದಲು ಸ್ಟ್ಯಾಂಡ್ ಕೊಳ್ಳಿ, ಅದರ ಬೆನ್ನಿಗೇ ಟಾರ್ಕ್ ರೆಂಚ್.

ಹೊಸ ಬ್ರೇಕ್ ಪ್ಯಾಡು ಹಾಕಿದ ದಿನ, ಅದು ಡಿಸ್ಕಿಗೆ ಒಗ್ಗಲಿ ಅಂತ, ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ನಡುವೆ ಅರ್ಧ ನಿಮಿಷ ಬಿಟ್ಟು ಎಂಟು ಹತ್ತು ಸಲ ಬ್ರೇಕ್ ಹಿಡಿಯಿರಿ. ಆಮೇಲೆ ಐದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಚಕ್ರದ ನಟ್ಟುಗಳನ್ನು ಮ್ಯಾನ್ಯುವಲ್ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲೇ ಬಿಗಿದು, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಆಗಲೇ ಆಯಿಲ್ ಡಿಪ್‌ಸ್ಟಿಕ್, ಕೂಲೆಂಟ್ ಮಟ್ಟ, ಗಾಡಿ ನಿಂತ ಜಾಗದ ನೆಲದ ಮೇಲಿನ ಹನಿ, ಮೂರನ್ನೂ ಗಮನಿಸಿ. ನಮಸ್ಕಾರ.