ಕಡಿಯದೆ ಬಿಟ್ಟ ಮರಗಳು

ಗೋವೆಯಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಊರಿನಿಂದ ಅನಮೋಡ ಅಥವಾ ಚೋರ್ಲಾ ಘಾಟ್ ಇಳಿದು ಬರುವಾಗ ದಾರಿಯ ಎರಡೂ ಬದಿಗೆ ಕಾಣುವ ಹಸಿರನ್ನೆಲ್ಲ ನಾವು ಕಾಡು ಎಂದೇ ಕರೆಯುತ್ತೇವೆ. ಅಲ್ಲಿ ಯಾವ ಮರ ಎಲ್ಲಿ ನಿಂತಿದೆ ಎಂಬುದನ್ನು ಮಳೆ, ಮಣ್ಣುಗಳಷ್ಟೇ ನಿರ್ಧರಿಸಿಲ್ಲ. ಹಿಂದಿನವರು ಏನನ್ನು ನೆಟ್ಟರು, ಏನನ್ನು ಕಡಿದರು, ಅದಕ್ಕಿಂತ ಮುಖ್ಯವಾಗಿ ಏನನ್ನು ಕಡಿಯದೆ ಬಿಟ್ಟರು ಎಂಬುದೂ ನಿರ್ಧರಿಸಿದೆ.

ನೆಟ್ಟದ್ದರ ಕಥೆ ತಮಗೆ ಗೊತ್ತಿರುವಂಥದ್ದೇ. ಬ್ರೆಜಿಲ್ ಮೂಲದ ಗೇರನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. ಗೇರಿನ ಬೀಜ ಹಣ್ಣಿನ ಹೊರಗೇ ಜೋತಿರುವುದರಿಂದ, ಹಣ್ಣು ಕಚ್ಚಿಕೊಂಡು ಹಾರುವ ಬಾವಲಿ ರಸ ಹೀರಿ ಬೀಜವನ್ನು ಎಲ್ಲೋ ಬೀಳಿಸುತ್ತದೆ. ಹೀಗೆ ಯಾರೂ ನೆಡದ ಗುಡ್ಡದಲ್ಲೂ ಗೇರು ಎದ್ದಿತು. ಸವಣೂರಿನ ಮಠದಲ್ಲಿರುವ, ನಾವು ದೊಡ್ಡಹುಣಸೆ ಎನ್ನುವ ಆಫ್ರಿಕಾದ ಬಾವೊಬಾಬ್ ಮರ ಮಾತ್ರ ಹಾಗೆ ಹಬ್ಬಲಿಲ್ಲ, ಬಹುಮಟ್ಟಿಗೆ ನೆಟ್ಟಲ್ಲೇ ಉಳಿಯಿತು.

ಕಡಿದದ್ದರ ಪರಿಣಾಮ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗೋವೆಯಲ್ಲೂ ಉತ್ತರ ಕನ್ನಡದಲ್ಲೂ ಕುಮರಿ ಬೇಸಾಯವಿತ್ತು: ಇಳಿಜಾರಿನ ಕಾಡು ಸವರಿ, ಒಣಗಿದ ಮೇಲೆ ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆಯ ನಂತರ ಆ ಜಾಗವನ್ನು ವರ್ಷಗಟ್ಟಲೆ ಬೀಳುಬಿಡುತ್ತಿದ್ದರು. ಮತ್ತೆ ಚಿಗುರಿದ್ದು ಮೊದಲಿನ ನಿತ್ಯಹರಿದ್ವರ್ಣ ಕಾಡಲ್ಲ. ಬೊಡ್ಡೆಯಿಂದ ಚಿಗುರಬಲ್ಲ, ಮೊಸಳೆಯ ಚರ್ಮದಂತೆ ಬಿರುಕುಬಿಟ್ಟ ದಪ್ಪ ತೊಗಟೆಯಿಂದ ಬೆಂಕಿ ತಾಳಬಲ್ಲ ಮತ್ತಿಯಂಥ ಮರಗಳು ಇಂಥ ಕಡೆ ಮೇಲುಗೈ ಪಡೆದವು. ಗೋವಾ ರಾಜ್ಯದ ಮರವಾದ ಮತ್ತಿಯ ಈ ಪಾರುಪತ್ಯದಲ್ಲಿ ಕೊಡಲಿಗೂ ಬೆಂಕಿಗೂ ಪಾಲಿದೆ ಎಂದರೆ ತಪ್ಪಾಗಲಾರದು. ಆದರೂ ಕಾಡು ಕೆಟ್ಟ ಹೊಣೆಯನ್ನೆಲ್ಲ ಕುಮರಿಯವರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹಡಗಿಗೂ ರೈಲು ಹಳಿಯ ದಿಮ್ಮಿಗೂ ಮರ ಕಡಿಸಿದವರು ಅವರಲ್ಲ.

ಇನ್ನು ಕಡಿಯದೆ ಬಿಟ್ಟದ್ದು. ಸತ್ತರಿ ತಾಲ್ಲೂಕಿನ ಬಾಂಬರ್‌ನಲ್ಲಿ ನಿರಂಕಾರಾಚಿ ರಾಯ್ ಎಂಬ ದೇವರ ಕಾಡಿದೆ. ಅಲ್ಲಿರುವುದು ಜಾಯಿಕಾಯಿ ಬಳಗದ ರಾಮಪತ್ರೆ ಜಾತಿಯ ಮರಗಳ ಜೌಗು. ಕೆಸರಿನಡಿ ಗಾಳಿ ಸಾಲದ್ದರಿಂದ ಬೇರುಗಳು ಮಡಚಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡಿ, ಮತ್ತೆ ನೆಲಕ್ಕಿಳಿಯುತ್ತವೆ. ಈ ಮರಗಳ ದಪ್ಪ ಬೀಜ ಒಣಗಿದರೆ ಮೊಳೆಯುವುದಿಲ್ಲ, ಆದ್ದರಿಂದ ಒಮ್ಮೆ ಅಳಿದ ಕಣಿವೆಗೆ ಮರಳುವುದು ಬಲು ಕಷ್ಟ. ವರ್ಷವಿಡೀ ನೀರಿರುವ ಇಂಥ ತಗ್ಗುಗಳೇ ಗದ್ದೆಗೂ ಅಡಿಕೆ ತೋಟಕ್ಕೂ ಹೇಳಿ ಮಾಡಿಸಿದ ಜಾಗವಾದ್ದರಿಂದ, ಘಟ್ಟದುದ್ದಕ್ಕೂ ಎಷ್ಟೋ ಜೌಗುಗಳು ಸಾಗುವಳಿಗೆ ಹೋದವು. ಇಲ್ಲಿ ದೇವರ ಭಯವೂ ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ದಟ್ಟ ಕಾನು, ಅಂದರೆ ನಿತ್ಯಹರಿದ್ವರ್ಣ ಕಾಡೂ ಕೆಲವನ್ನು ಕಾದವು. ಉಳಿದ ಈ ತುಣುಕುಗಳನ್ನಷ್ಟೇ ನಕ್ಷೆಯಲ್ಲಿ ಗುರುತಿಸಿ, ಈ ಮರಕ್ಕೆ ಒಗ್ಗುವ ನೆಲ ಇಷ್ಟೇ ಎಂದು ಲೆಕ್ಕ ಹಾಕಿದರೆ, ನಡುವೆ ತೋಟವಾಗಿ ಹೋದ ಕಣಿವೆಗಳು ಲೆಕ್ಕದಿಂದಲೇ ತಪ್ಪಿಹೋಗುತ್ತವೆ.