ಪೊಲೀಸರು ಹೊತ್ತೊಯ್ದದ್ದು, ಕಂಪನಿ ಮಾರಿದ್ದು

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡಲಿರುವುದು ‘ಗ್ಯಾಂಗ್‌ಸ್ಟಾ ಗ್ರಿಲ್ಜ್: ದಿ ಆಲ್ಬಮ್’ ಬಗ್ಗೆ. ಅಮೆರಿಕದ ಡಿಜೆ ಡ್ರಾಮಾನ ಈ ಆಲ್ಬಮ್ಮನ್ನು ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿ 2007ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಜನವರಿಯಲ್ಲಿ ಪೊಲೀಸರು ಇದೇ ಡ್ರಾಮಾನನ್ನು ಹಿಡಿದುಕೊಂಡು ಹೋಗಿದ್ದರು. ಕಾರಣ, ಅವನ ಮಿಕ್ಸ್‌ಟೇಪ್‌ಗಳು.

ಮೊದಲು ಮಿಕ್ಸ್‌ಟೇಪ್ ಅಂದರೇನು ನೋಡೋಣ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆಗಳು ಪಾರ್ಟಿಗಳಲ್ಲಿ ನುಡಿಸಿದ್ದು ಕ್ಯಾಸೆಟ್ಟಿಗೆ ಇಳಿದು ಕೈಯಿಂದ ಕೈಗೆ ಹೋಗುತ್ತಿತ್ತು. 90ರ ದಶಕದ ಹೊತ್ತಿಗೆ ಅದೇ ಒಂದು ವ್ಯಾಪಾರವಾಯಿತು. ಇನ್ನೂ ಬಿಡುಗಡೆಯಾಗದ ಹಾಡು ಬೇಕಾ? ನ್ಯೂಯಾರ್ಕಿನ ಡಿಜೆ ಕ್ಲೂನ ಟೇಪ್ ಹುಡುಕಬೇಕು. ನಮ್ಮಲ್ಲೂ ಕ್ಯಾಸೆಟ್ ಅಂಗಡಿಗೆ ಚೀಟಿ ಬರೆದುಕೊಟ್ಟು ಹಾಡು ತುಂಬಿಸಿಕೊಂಡವರು ಇದ್ದೀರಿ ಅಲ್ವಾ? ಅಂಗಡಿಯವನು ನಿಮ್ಮ ಚೀಟಿ ಬದಿಗಿಟ್ಟು, ತನಗಿಷ್ಟವಾದದ್ದನ್ನೇ ತುಂಬಿಸಿ, ನಡುನಡುವೆ ತನ್ನ ಹೆಸರನ್ನೂ ಕೂಗಿದ್ದರೆ ಹೇಗಿರುತ್ತಿತ್ತು? ಹೆಚ್ಚುಕಡಿಮೆ ಹಾಗೆ. ಇನ್ನೊಬ್ಬರ ಹಾಡಿನ ಬೀಟ್, ಅಂದರೆ ಹಿನ್ನೆಲೆ ಸಂಗೀತದ ಮೇಲೆ ರ‍್ಯಾಪರ್‌ಗಳು ತಮ್ಮ ಸಾಲು ಹೇಳಿದ್ದೂ ಇದರಲ್ಲಿ ಇರುತ್ತದೆ, ಹೆಚ್ಚಾಗಿ ಒಪ್ಪಿಗೆ ಕೇಳದೆ.

ಡ್ರಾಮಾ ಫಿಲಡೆಲ್ಫಿಯಾದ ಹುಡುಗ. ಓದಲು ಅಟ್ಲಾಂಟಾಕ್ಕೆ ಬಂದು ಅಲ್ಲೇ ನೆಲೆನಿಂತ. ಅಮೆರಿಕದ ದಕ್ಷಿಣ ಭಾಗದ ರ‍್ಯಾಪರ್‌ಗಳ ಜೊತೆ ‘ಗ್ಯಾಂಗ್‌ಸ್ಟಾ ಗ್ರಿಲ್ಜ್’ ಅನ್ನುವ ಸರಣಿ ಶುರುಮಾಡಿದ. 2005ರಲ್ಲಿ ಯಂಗ್ ಜೀಜಿ ಜೊತೆ ‘ಟ್ರ್ಯಾಪ್ ಆರ್ ಡೈ’, 2006ರಲ್ಲಿ ಲಿಲ್ ವೇಯ್ನ್ ಜೊತೆ ‘ಡೆಡಿಕೇಷನ್ 2’. ಇವನ್ನು ಕೇಳಿದರೆ ಡ್ರಾಮಾ ಸುಮ್ನೆ ಕೂತಿರುವುದೇ ಇಲ್ಲ. ಹಾಡಿನ ಮೇಲೆಯೇ ಕಿರುಚುತ್ತಾನೆ, ಎದುರಾಳಿಗಳನ್ನು ಕೆಣಕುತ್ತಾನೆ. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಮಜಾ ಇರುವುದೇ ಅದರಲ್ಲಿ.

‘ಡೆಡಿಕೇಷನ್ 2’ರ ಕೊನೆಯ ಕಡೆ ‘ಜಾರ್ಜಿಯಾ ಬುಷ್’ ಅನ್ನುವ ಹಾಡು ಬರುತ್ತದೆ. ಕತ್ರಿನಾ ಚಂಡಮಾರುತದಲ್ಲಿ ಮುಳುಗಿದ ನ್ಯೂ ಆರ್ಲಿಯನ್ಸ್ ವೇಯ್ನ್‌ನ ಸ್ವಂತ ಊರು. ಅಧ್ಯಕ್ಷ ಬುಷ್‌ನನ್ನು ಅವನು ಇಲ್ಲಿ ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಹಿಂದೆ ಓಡುತ್ತಿರುವ ಸಂಗೀತ ಮಾತ್ರ ಲುಡಾಕ್ರಿಸ್ ಮತ್ತು ಫೀಲ್ಡ್ ಮಾಬ್ ಎಂಬ ಬೇರೆ ರ‍್ಯಾಪರ್‌ಗಳ ಹಾಡಿನದು. ಅದರೊಳಗಿರುವುದು ಹಿಂದಿನ ಕಾಲದ ಗಾಯಕ ರೇ ಚಾರ್ಲ್ಸ್ ಹಾಡಿದ ಹಾಡು. ಒಂದು ಹಾಡಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಎಲ್ಲರ ಒಪ್ಪಿಗೆ ಪಡೆದು, ಎಲ್ಲರಿಗೂ ಕಾಸು ಕೊಟ್ಟು ಇದನ್ನು ಮಾಡಲು ಹೊರಟಿದ್ದರೆ ಹಾಡು ಹೊರಬರುವಷ್ಟರಲ್ಲಿ ಬುಷ್ ಅಧಿಕಾರವೇ ಮುಗಿದಿರುತ್ತಿತ್ತೇನೋ.

2007ರ ಜನವರಿ 16ರಂದು ಡ್ರಾಮಾನ ಸ್ಟುಡಿಯೊ ಮೇಲೆ ದಾಳಿ ನಡೆಯಿತು. ಬಂದವರ ಜೊತೆ ರೆಕಾರ್ಡ್ ಕಂಪನಿಗಳ ಒಕ್ಕೂಟದ ಜನರೂ ಇದ್ದರು. ಡ್ರಾಮಾ ಮತ್ತು ಅವನ ಜೊತೆಗಾರ ಡಾನ್ ಕ್ಯಾನನ್ ಇಬ್ಬರನ್ನೂ ಬಂಧಿಸಿದರು. 80,000ಕ್ಕೂ ಜಾಸ್ತಿ ಸಿಡಿ, ಜೊತೆಗೆ ಕಂಪ್ಯೂಟರ್, ಕಾರು ಎಲ್ಲ ಹೋಯಿತು. ಹಾಕಿದ್ದು ಸಂಘಟಿತ ಅಪರಾಧದ ಕಾನೂನು, ಅಂದರೆ ಮಾಫಿಯಾ ಮೇಲೆ ಹಾಕುವಂಥದ್ದು! ಅದೇ ಕಂಪನಿಗಳು ತಮ್ಮ ಹೊಸ ರ‍್ಯಾಪರ್‌ಗಳ ಹೆಸರು ಬೀದಿಯಲ್ಲಿ ಓಡಾಡಲಿ ಎಂದು ಡಿಜೆಗಳ ಬೆನ್ನು ಬೀಳುತ್ತಿದ್ದವು. ಕಂಪನಿಯ ಒಂದು ವಿಭಾಗ ಹಾಡು ಕೊಡುತ್ತಿತ್ತು, ಇನ್ನೊಂದು ವಿಭಾಗ ದೂರು ಕೊಡುತ್ತಿತ್ತು.

ಇಷ್ಟೆಲ್ಲ ಆದಮೇಲೆ ಬಂದದ್ದು ಈ ಆಲ್ಬಮ್. ಟಿ.ಐ., ಜೀಜಿ, ನೆಲ್ಲಿ ಹೀಗೆ ದೊಡ್ಡ ದೊಡ್ಡ ಹೆಸರುಗಳೇ ಇವೆ. ‘ಫೆಡ್ಸ್ ಟೇಕಿನ್ ಪಿಕ್ಚರ್ಸ್’ ಅನ್ನುವ ಹಾಡೂ ಇದೆ. ಪೊಲೀಸರು ಫೋಟೊ ತೆಗೀತಿದ್ದಾರೆ ಅಂತ, ಆ ವರ್ಷ ಅವನಿಗಿಂತ ಚೆನ್ನಾಗಿ ಯಾರು ಹಾಡಿಸಬಲ್ಲರು? ಆದರೆ ಇಲ್ಲಿ ಬೀಟುಗಳು ಇದಕ್ಕೆಂದೇ ಮಾಡಿಸಿದವು. ಒಂದೇ ಹಾಡಿಗೆ ಐದಾರು ಜನ ಬಂದು ತಮ್ಮ ಸಾಲು ಹೇಳಿ ಹೋಗುತ್ತಾರೆ. ಇನ್ನೊಬ್ಬರ ಬೀಟ್ ಕಿತ್ತುಕೊಂಡು ಅವರಿಗಿಂತ ಚೆನ್ನಾಗಿ ಹಾಡಿ ತೋರಿಸುವ ತುಂಟತನಕ್ಕೆ ಜಾಗವೇ ಇಲ್ಲ. ಕೇಳಲು ಅಡ್ಡಿಯಿಲ್ಲ, ಚೆನ್ನಾಗಿಯೇ ಇದೆ. ಆದರೆ ನನ್ನ ಕಿವಿಗೆ ಇದು ಮಿಕ್ಸ್‌ಟೇಪ್ ಅಲ್ಲ, ಅತಿಥಿಗಳ ಪಟ್ಟಿ.

ಡ್ರಾಮಾನ ಕೂಗಾಟ ಮಾತ್ರ ನಿಲ್ಲಲಿಲ್ಲ. 2021ರಲ್ಲಿ ರ‍್ಯಾಪರ್ ಟೈಲರ್ ದಿ ಕ್ರಿಯೇಟರ್ ತನ್ನ ಇಡೀ ಆಲ್ಬಮ್ಮಿನ ಮೇಲೆ ಅವನನ್ನೇ ಕರೆಸಿ ಕೂಗಿಸಿದ. ಅದಕ್ಕೆ ಮರುವರ್ಷ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಎಂದು ಗ್ರ್ಯಾಮಿ ಬಂತು.

ಹೊಸದಾಗಿ ಕೇಳುವವರು ಮೊದಲು ‘ಡೆಡಿಕೇಷನ್ 2’ ಕೇಳಿ, ಆಮೇಲೆ 2007ರ ಆಲ್ಬಮ್ ಹಾಕಿ. ಮನೆಯಲ್ಲಿ ಹಿರಿಯರಿದ್ದರೆ ಹೆಡ್‌ಫೋನ್ ಇರಲಿ, ಬೈಗುಳ ಸ್ವಲ್ಪ ಜಾಸ್ತಿಯೇ ಇದೆ.